ಕೀಟ್ಸನ 'ಆಟಮ್'ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಕವಿ ಕೀಟ್ಸ್ 1819ರ ಸೆಪ್ಟೆಂಬರ್ 19ರಂದು ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ ಬರೆದ 'ಟು ಆಟಮ್' ಪದ್ಯವನ್ನು ಕನ್ನಡಕ್ಕೆ ತಂದಿದ್ದೇನೆ (ಆಟಮ್ ಅಂದರೆ ಅಲ್ಲಿ ಬೇಸಿಗೆ ಮುಗಿದು ಚಳಿ ಬರುವ ನಡುವಿನ ಕಾಲ). 33 ಸಾಲು ಹೇಗೋ ಮುಗಿಯಿತು, ಹೆಸರಿನ ಹತ್ತಿರ ಸಿಕ್ಕಿಹಾಕಿಕೊಂಡೆ. 'ಶರತ್ಕಾಲಕ್ಕೆ' ಅಂತಿಟ್ಟಿದ್ದೆ. ಓದಿದ ಗೆಳತಿ, ನವರಾತ್ರಿ ಗೊಂಬೆ ನೆನಪಾಗುತ್ತೆ ಕಣೇ ಅಂದಳು. ಶನಿವಾರ ಕವಿತೆ ಓದು ಇದೆ, ನಾಳೆ ಬ್ಯಾನರ್ ಪ್ರಿಂಟಿಗೆ ಹೋಗಬೇಕು. ಇನ್ನೊಂದು, ಕೊಯ್ಲಾದ ಮೇಲೆ ಹೊಲದಲ್ಲಿ ಉಳಿಯುವ ಮೋಟು ದಂಟಿಗೆ ಒಂದೇ ಪದ ಇದೆಯಾ?

* * *

ಕೂಳೆ. ಕಬ್ಬಿನ ಕೂಳೆ ಬೆಳೆ ಕೇಳಿಲ್ವಾ? ಕಡಿದ ಬುಡವೇ ಮತ್ತೆ ಚಿಗುರುತ್ತೆ. ಹುಟ್ಟು, ಸಾವು, ಮರುಹುಟ್ಟು ಎಲ್ಲ ಆ ಒಂದು ಪದದಲ್ಲೇ ಇದೆ. ಹೆಸರಿಗೆ 'ಮಾಗಿ' ಇಡಿ. ಮಾಗು, ಮಾಗಿ. ಪದ್ಯದ ತುಂಬ ಇರುವುದು ಹಣ್ಣು ಮಾಗುವುದೇ. ಶರತ್, ವಸಂತ ಅಂತ ಸಾಲ ತಂದಿದ್ದು ಸಾಕು.

* * *

'ಮಾಗಿ' ಮಾಘದ ತದ್ಭವ. ಅದೂ ಸಾಲವೇ ಸ್ವಾಮಿ. ಮಾಗಿ ಅಂದರೆ ಚಳಿ. ಪದ್ಯದ ಜೇನುಹುಳಗಳು ಬೆಚ್ಚನೆಯ ದಿನ ಮುಗಿಯುವುದೇ ಇಲ್ಲ ಅಂದುಕೊಂಡಿವೆ, ಅವನ್ನು ಸುಮ್ನೆ ನಡುಗಿಸಬೇಡಿ.

ಕೂಳೆ ಸರಿ, ಆದರೆ ಕಬ್ಬಿನ ಮಾತು ಇಲ್ಲಿಗೆ ಬೇಡ. ಗೋಧಿಯ ಕೂಳೆ ಮತ್ತೆ ಬೆಳೆ ಕೊಡಲ್ಲ, ಉತ್ತು ಮಣ್ಣಿಗೆ ಸೇರಿಸುತ್ತಾರೆ. ಚಳಿಗಾಲ ಬಂದರೆ ವಸಂತ ಬಂದೇ ಬರುತ್ತೆ ಅನ್ನುವವನು ಆ ಕಾಲದ ಇನ್ನೊಬ್ಬ ಇಂಗ್ಲಿಷ್ ಕವಿ ಷೆಲ್ಲಿ. ಅದೇ ವರ್ಷ, ಅದೇ ಕಾಲದಲ್ಲಿ, ಇಟಲಿಯ ಫ್ಲಾರೆನ್ಸ್ ಹತ್ತಿರದ ಕಾಡಿನಲ್ಲಿ ಪಡುವಣ ಗಾಳಿಯ ಪದ್ಯ ಬರೆದ. ಕೀಟ್ಸ್ ಆ ಭರವಸೆ ಕೊಡಲ್ಲ. ವಸಂತದ ಹಾಡು ಎಲ್ಲಿ ಅಂತ ಕೇಳಿ, ಬಿಡು, ನಿನಗೂ ನಿನ್ನ ಸಂಗೀತ ಇದೆ ಅನ್ನುತ್ತಾನೆ. ಪದ್ಯ ಬರೆದ ಎರಡು ದಿನ ಬಿಟ್ಟು ಗೆಳೆಯ ರೆನಾಲ್ಡ್ಸ್‌ಗೆ ಬರೆದ ಕಾಗದದಲ್ಲೂ ಕೂಳೆ ಹೊಲ ಈಗಿನಷ್ಟು ಹಿಂದೆಂದೂ ಇಷ್ಟವಾಗಿರಲಿಲ್ಲ, ನೋಡಿದರೆ ಬೆಚ್ಚಗಿದೆ ಅನ್ನಿಸುತ್ತೆ ಅಂದಿದ್ದಾನೆ. ಚಿಗುರಿನ ಮಾತೇ ಇಲ್ಲ.

* * *

ನಿಮಗೆ ಕನ್ನಡದ್ದೆಲ್ಲ ಸಂಸ್ಕೃತದಿಂದಲೇ ಬರಬೇಕು. ಮುಂದೆ 'ಹಣ್ಣು' ಕೂಡ ತದ್ಭವ ಅಂತೀರಿ.

* * *

ಜಗಳ ಆಮೇಲೆ ಆಡಿ. 'ಸುಗ್ಗಿ' ಯಾಕಾಗಬಾರದು? ಎರಡನೇ ಚರಣ ನೋಡಿ: ಕಣ, ತೂರುವ ಗಾಳಿ, ಅರ್ಧ ಕೊಯ್ದ ಸಾಲಿನಲ್ಲಿ ಗಸಗಸೆ ಹೂವಿನ ಮತ್ತಿಗೆ ನಿದ್ದೆ ಹೋದ ಕೂಲಿಯವಳು. ಪೂರ್ತಿ ಸುಗ್ಗಿಯೇ.

* * *

ಹಳಗನ್ನಡದಲ್ಲಿ ಸುಗ್ಗಿ ಅಂದರೆ ವಸಂತವೂ ಹೌದು. ವಸಂತವನ್ನು ಬದಿಗಿಟ್ಟ ಪದ್ಯಕ್ಕೆ ವಸಂತದ್ದೇ ಹೆಸರಾ?

* * *

ಹಳಗನ್ನಡ ಓದಿದವರು ಎಷ್ಟು ಜನ ಬರ್ತಾರೆ ಶನಿವಾರ? ಬಿಡಿ ಸಾರ್.

* * *

ಕೇಳಿದವಳು ನಾನೇ. ಈಗಷ್ಟೇ ಗಮನಿಸಿದೆ, ಹೆಸರಿನಲ್ಲಿ ಬಿಟ್ಟರೆ ಪದ್ಯದೊಳಗೆ ಎಲ್ಲೂ 'ಆಟಮ್' ಅನ್ನುವ ಪದವೇ ಇಲ್ಲ. ಹಾಗಾಗಿ ತಿಂಗಳು, ಋತು ಯಾವುದೂ ಬೇಡ ಅನ್ನಿಸಿ 'ಸುಗ್ಗಿ ಮುಗಿಯುವ ಹೊತ್ತಿಗೆ' ಅಂತ ಕಳಿಸಿದೆ. ಆ 'ಗೆ' ಎರಡು ಕಡೆಗೂ ಎಳೆಯುತ್ತೆ ಅಲ್ವಾ, ಆ ಹೊತ್ತನ್ನು ಕರೆದು ಮಾತಾಡಿಸಿದ ಹಾಗೂ ಆಯಿತು. ಒಳಗೆ ಕೂಳೆಯೇ ಇಟ್ಟಿದ್ದೇನೆ.

* * *

'ಬ್ಯಾನರ್'ಗೆ ಏನು ಪದ ಹಾಕಿದಿರಿ?