ಪುಟ್ಟ ಖರ್ಚು ಮಾಡಿದ ಎರಡು ಕೋಟಿ

ವಿದೇಶ ಸುತ್ತಿ ಬಂದವನಿಗೆ ನಮ್ಮ ಮಂಗಳೂರಿನಲ್ಲಿ ಮೊದಲು ಕೇಳುವ ಪ್ರಶ್ನೆ ಯಾವುದು ಗೊತ್ತಾ? ಬೆಟ್ಟ ಹೇಗಿತ್ತು, ಸಮುದ್ರ ಹೇಗಿತ್ತು ಅಂತ ಅಲ್ಲ.

"ಕಕ್ಕಸಿನಲ್ಲಿ ನೀರು ಉಂಟಾ, ಇಲ್ಲ ಕಾಗದವಾ?"

ಕೇಳಿದ್ದು ಪೈ ಮಾಮ್. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ಯಾವ ಪ್ರಶ್ನೆಗೂ ನಾಚುವುದನ್ನು ಬಿಟ್ಟಿದ್ದಾರೆ. ಪುಟ್ಟ ಕೂಡ ನಾಚಲಿಲ್ಲ. ವಿಯೆಟ್ನಾಂನಲ್ಲಿ ನಮ್ಮ ಹಾಗೆಯೇ ಗೋಡೆಗೆ ಪೈಪು ಸಿಕ್ಕಿಸಿರುತ್ತಾರೆ, ಒತ್ತಿದರೆ ನೀರು ಬರುತ್ತದೆ, ಮೊದಲ ದಿನ ಒತ್ತಡ ಗೊತ್ತಾಗದೆ ಅಂಗಿಯವರೆಗೆ ಒದ್ದೆಯಾಯಿತು ಅಂದ. ಪೈ ಮಾಮ್ ಸಮಾಧಾನದ ಉಸಿರು ಬಿಟ್ಟು ಇನ್ನೊಂದು ಬನ್ಸ್ ಹೇಳಿದರು. ಅಲ್ಲಿಗೆ ಒಂದು ದೇಶ ಅವರ ಪರೀಕ್ಷೆಯಲ್ಲಿ ಪಾಸಾಯಿತು.

ಪುಟ್ಟ ಅಂದರೆ ನಮ್ಮ ಶೆಟ್ರ ಅಕ್ಕನ ಮಗ. ಬೆಂಗಳೂರಿನಲ್ಲಿ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ಸಿಕ್ಕಿದ ಬಿಡುವಿನಲ್ಲಿ ಬೆನ್ನಿಗೆ ಒಂದು ಚೀಲ ಹಾಕಿಕೊಂಡು ಹನೋಯ್‌ಗೆ ಹಾರಿದವನು. ಹೀಗೆ ಹೋಗುವವರನ್ನು ಬ್ಯಾಕ್‌ಪ್ಯಾಕರ್ ಅನ್ನುತ್ತಾರೆ ಅಂತ ಕೇಳಿದ ದಿನದಿಂದ ಶೆಟ್ರಿಗೆ ಸಿಟ್ಟು.

"ನಮ್ಮ ಅಜ್ಜ ಬೊಂಬಾಯಿಗೆ ಹೋಗುವಾಗ ಒಂದು ಟ್ರಂಕು ಹೊತ್ತುಕೊಂಡು ಹೋಗಿದ್ರು. ಕೈಯಲ್ಲಿ ದುಡ್ಡಿಲ್ಲ, ಭಾಷೆ ಬರೂದಿಲ್ಲ, ಮಲಗಲಿಕ್ಕೆ ಹೋಟೆಲಿನ ಮೇಜಿನ ಅಡಿ. ಅವರನ್ನು ಯಾರಾದ್ರೂ ಟ್ರಂಕ್‌ಪ್ಯಾಕರ್ ಅಂತ ಹೇಳಿದ್ರಾ?"

"ಅಜ್ಜ ಫೋಟೋ ಹಾಕ್ಲಿಲ್ಲ ಮಾವ, ಅದೇ ತಪ್ಪಾದದ್ದು" ಅಂದ ಪುಟ್ಟ.

ನಾವು ಭಾನುವಾರ ಸಂಜೆ ಸೇರುವುದು ಮಣ್ಣಗುಡ್ಡೆಯ ಹತ್ತಿರದ ಒಂದು ಹೋಟೆಲಿನಲ್ಲಿ. ಶೆಟ್ರು, ಪೈ ಮಾಮ್, ಅಡುಗೆ ಕಾಂಟ್ರಾಕ್ಟಿನ ಭಟ್ರು, ಚರಿತ್ರೆ ಪಾಠ ಮಾಡಿ ನಿವೃತ್ತರಾದ ನಮ್ಮ ಟೀಚರ್, ಮತ್ತೆ ಸುಮ್ನೆ ಕೇಳಿಸಿಕೊಳ್ಳುವ ನಾನು. ಈ ನಾಲ್ವರೂ ಸಿಂಗಾಪುರವನ್ನೂ ಕಂಡವರಲ್ಲ, ಆದರೆ ವಿಯೆಟ್ನಾಂ ಬಗ್ಗೆ ಪುಟ್ಟನಿಗಿಂತ ಜಾಸ್ತಿ ಮಾತಾಡಿದವರು ಇವರೇ.

"ಒಟ್ಟು ಖರ್ಚು ಎಷ್ಟಾಯ್ತು?" ಪೈ ಮಾಮ್ ವಿಷಯಕ್ಕೆ ಬಂದರು.

"ಅಲ್ಲಿಯ ಲೆಕ್ಕದಲ್ಲಿ ಎರಡು ಕೋಟಿ."

ಟೀಚರ್ ಕೈಯಲ್ಲಿದ್ದ ಗೋಳಿಬಜೆ ಹಾಗೇ ನಿಂತಿತು. ಪುಟ್ಟ ವಿವರಿಸಿದ. ಅಲ್ಲಿಯ ದುಡ್ಡು ಡಾಂಗ್. ಒಂದು ಲಕ್ಷ ಡಾಂಗ್ ಅಂದರೆ ನಮ್ಮ ಮುನ್ನೂರ ಚಿಲ್ಲರೆ ರೂಪಾಯಿ, ಅಷ್ಟೇ. ದೊಡ್ಡ ನೋಟು 5 ಲಕ್ಷದ್ದು. ಇವನು ಎಟಿಎಂನಿಂದ ಒಮ್ಮೆಗೆ 30 ಲಕ್ಷ ತೆಗೆದು, ಜೇಬು ಒತ್ತಿ ಹಿಡಿದುಕೊಂಡು ಕಳ್ಳನ ಹಾಗೆ ಅತ್ತಿತ್ತ ನೋಡಿ ನಡೆದನಂತೆ, ಜೇಬಿನಲ್ಲಿದ್ದದ್ದು ಹತ್ತು ಸಾವಿರ ರೂಪಾಯಿ. ಎಲ್ಲ ನೋಟಿನ ಮೇಲೂ ಹೋ ಚಿ ಮಿನ್ ಚಿತ್ರವೇ. ತೊಂದರೆ ಏನೆಂದರೆ 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಇವನು ಒಂದು ಬೊಂಡ ಕುಡಿದು ನೀಲಿ ನೋಟು ಕೊಟ್ಟು ಹೊರಟಿದ್ದಾನೆ. ಬೊಂಡದ ಹೆಂಗಸು ಹಿಂದಿನಿಂದ ಕೂಗಿಕೊಂಡು ಓಡಿ ಬಂದಳು. ಇವನು ದುಡ್ಡು ಕಮ್ಮಿ ಆಯ್ತೇನೋ ಅಂತ ಇನ್ನೊಂದು ನೀಲಿ ನೋಟು ತೆಗೆದ. ಆಕೆ ಹಣೆ ಚಚ್ಚಿಕೊಂಡು ಮೊದಲಿನದ್ದನ್ನು ಇವನ ಕೈಗೆ ತುರುಕಿ, ಜೇಬಿನಿಂದ ತಾನೇ ಸರಿಯಾದ ನೋಟು ಆರಿಸಿಕೊಂಡಳಂತೆ.

"ನಮ್ಮ ಕ್ಯಾಶ್ ಕೌಂಟರಿನಲ್ಲಿ ಕೂರಿಸಬೇಕಿತ್ತು ಅವಳನ್ನು" ಅಂದರು ಪೈ ಮಾಮ್. ವೀಸಾದ ಲೆಕ್ಕವೂ ಅವರಿಗೆ ಹಿಡಿಸಿತು. ಮನೆಯಲ್ಲಿ ಕೂತು ಫೋನಿನಲ್ಲೇ ಅರ್ಜಿ ಹಾಕಬಹುದು, ಒಂದು ಸಲದ ಪ್ರವೇಶಕ್ಕೆ 25 ಡಾಲರ್, 2023ರ ಆಗಸ್ಟ್‌ನಿಂದ 90 ದಿನದವರೆಗೂ ಕೊಡುತ್ತಾರೆ. ಅವರು ಅಲ್ಲೇ ಬಿಲ್ಲಿನ ಹಿಂದೆ 25ನ್ನು 90ರಿಂದ ಭಾಗಿಸಿ, ದಿನಕ್ಕೆ ಇಷ್ಟು ಬೀಳುತ್ತದೆ ಅಂತ ತೋರಿಸಿದರು. 90 ದಿನ ಇದ್ದರೆ ಊಟಕ್ಕೆ ಎಷ್ಟು ಬೀಳುತ್ತದೆ ಅಂತ ಮಾತ್ರ ಬರೆಯಲಿಲ್ಲ.

ಈಗಿನವರು ಸಾಹಸ ಅಂದರೆ ಬಂಡೆ ಹತ್ತುವುದು, ಸಮುದ್ರಕ್ಕೆ ಹಾರುವುದು ಅಂದುಕೊಂಡಿದ್ದಾರೆ. ಪುಟ್ಟನ ಮಾತು ಕೇಳಿದರೆ ವಿಯೆಟ್ನಾಂನಲ್ಲಿ ಸಾಹಸ ಅಂದರೆ ರಸ್ತೆ ದಾಟುವುದು. ಹತ್ತು ಕೋಟಿ ಜನರ ದೇಶದಲ್ಲಿ ಏಳು ಕೋಟಿಗಿಂತ ಜಾಸ್ತಿ ಮೋಟಾರ್‌ಬೈಕುಗಳು. ಹನೋಯ್‌ನ ಹಳೇ ಪೇಟೆಯಲ್ಲಿ ಅವೆಲ್ಲ ಇವನು ದಾಟಬೇಕು ಅಂತಿದ್ದ ರಸ್ತೆಗೇ ಬಂದಿದ್ದವಂತೆ. ಫ್ರಿಡ್ಜು ಕಟ್ಟಿಕೊಂಡ ಬೈಕು, ಹೂವಿನ ಕುಂಡ ಹೇರಿಕೊಂಡ ಬೈಕು, ಒಂದರ ಮೇಲೆ ಅಪ್ಪ ಅಮ್ಮ ಎರಡು ಮಕ್ಕಳು ಒಂದು ನಾಯಿ.

"ಝೀಬ್ರಾ ಪಟ್ಟಿ ಇಲ್ವಾ?" ಟೀಚರ್ ಕೇಳಿದರು.

"ಉಂಟು ಟೀಚರ್, ಚಂದಕ್ಕೆ."

ಕಾಲು ಗಂಟೆ ನಿಂತ ಮೇಲೆ ಒಬ್ಬಳು ಅಜ್ಜಿ ಬಂದು ಇವನ ತೋಳು ಹಿಡಿದು ರಸ್ತೆಗೆ ಇಳಿದಳು. ನಿಯಮ ಒಂದೇ. ಮೆಲ್ಲಗೆ ನಡೆಯಬೇಕು, ಒಂದೇ ವೇಗದಲ್ಲಿ ನಡೆಯಬೇಕು, ನಿಲ್ಲಬಾರದು, ಓಡಬಾರದು, ಹಿಂದೆ ಹೆಜ್ಜೆ ಇಡಲೇಬಾರದು. ನೀವು ಮುಂದಿನ ಕ್ಷಣ ಎಲ್ಲಿರುತ್ತೀರಿ ಅಂತ ಬೈಕಿನವನು ಅಂದಾಜು ಮಾಡಿ ತಪ್ಪಿಸಿಕೊಂಡು ಹೋಗುತ್ತಾನೆ, ನೀವು ಹೆದರಿ ನಿಂತರೆ ಅವನ ಅಂದಾಜು ಕೆಡುತ್ತದೆ. ಇದನ್ನು ಅರ್ಥ ಮಾಡಿಸಲು ಪುಟ್ಟ ಮೇಜಿನ ಮೇಲಿನ ಚಾ ಗ್ಲಾಸುಗಳನ್ನು ಬೈಕು ಮಾಡಿ, ಚಟ್ನಿ ಬಟ್ಟಲನ್ನು ತಾನು ಮಾಡಿ ತೋರಿಸಿದ. ಚಟ್ನಿ ದಾಟಿತು. ಪೈ ಮಾಮ್ ಅವರ ಚಾ ದಾಟಲಿಲ್ಲ, ಅವರ ಪಂಚೆಯ ಮೇಲೆ ಬಿತ್ತು.

"ನನಗೆ ಆಗೂದಿಲ್ಲ. ನಾನು ಮಧ್ಯದಲ್ಲಿ ನಿಂತೇ ನಿಲ್ತೇನೆ" ಅಂದರು ಪಂಚೆ ಕೊಡವುತ್ತಾ.

"ನಿಂತ್ರೆ ಎಂತ ಆಗ್ತದೆ? ಪಂಪ್‌ವೆಲ್ ಫ್ಲೈಓವರ್ ಮುಗಿಯುವವರೆಗೆ ನಿಂತವರು ನೀವು" ಅಂದರು ಶೆಟ್ರು.

ಭಟ್ರು ಇಷ್ಟು ಹೊತ್ತು ಮಾತಾಡಿರಲಿಲ್ಲ. ಅವರು ಕಾಯುತ್ತಿದ್ದದ್ದು ಊಟದ ವಿಷಯಕ್ಕೆ. ಪುಟ್ಟ ಎಲ್ಲ ತಿನ್ನುವವನಾದ್ದರಿಂದ ಅವನಿಗೆ ಕಷ್ಟವಿರಲಿಲ್ಲ, ಆದರೆ ಅವನ ಹಾಸ್ಟೆಲಿನ ಕೋಣೆಯಲ್ಲಿ ಮೇಲಿನ ಮಂಚದಲ್ಲಿದ್ದ ಒಬ್ಬ ಇಂದೋರಿನ ಹುಡುಗ ಮೊಟ್ಟೆಯನ್ನೂ ಮುಟ್ಟದವನು. ಆ ಹುಡುಗ ಸೊಪ್ಪಿನ ಪಲ್ಯ ಅಂತ ಹೇಳಿದರೂ ಅದರೊಳಗೆ ಮೀನಿನ ಸಾಸ್ ಇರುತ್ತಿತ್ತು. ಮೀನಿಗೆ ಉಪ್ಪು ಹಾಕಿ ತಿಂಗಳುಗಟ್ಟಲೆ ಕೊಳೆಹಾಕಿ ಇಳಿಸಿದ ರಸ ಅದು, ಅಲ್ಲಿ ನಮ್ಮ ಉಪ್ಪಿನ ಜಾಗದಲ್ಲಿ ಅದೇ.

"ಸಾಕು, ಸಾಕು" ಭಟ್ರು ಕಣ್ಣು ಮುಚ್ಚಿದರು.

"ಇಲ್ಲ ಇಲ್ಲ, ವಿವರವಾಗಿ ಹೇಳು. ಯಾವ ಮೀನು? ಬೂತಾಯಿ ಹಾಕಿದ್ರೆ ಆಗ್ತದಾ?" ಶೆಟ್ರ ಮುಖ ಅರಳಿತು.

ಸಣ್ಣ ಬೊಳಂಜಿರ್ ತರದ್ದು ಅಂತ ಪುಟ್ಟ ಹೇಳಿದ ಮೇಲೆ ಶೆಟ್ರು ಹತ್ತು ನಿಮಿಷ ಮಲ್ಪೆ ಬಂದರಿನ ದರ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ, ನಿಮಗೂ ಮನೆಯಲ್ಲಿ ಅಂಥ ಒಬ್ಬರು ಇರುತ್ತಾರೆ.

ಕೊನೆಗೆ ಆ ಇಂದೋರಿನ ಹುಡುಗನನ್ನು ಉಳಿಸಿದ್ದು ಬುದ್ಧ. ಅಲ್ಲಿ ಬೌದ್ಧರ ಸಸ್ಯಾಹಾರಿ ಊಟದ ಅಂಗಡಿಗಳಿವೆ, ಬೋರ್ಡಿನ ಮೇಲೆ 'ಚಾಯ್' ಅಂತ ಬರೆದಿರುತ್ತದೆ. ಹುಡುಗ ಮೊದಲ ದಿನ ಚಹಾ ಸಿಗುತ್ತದೆ ಅಂತಲೇ ಒಳಗೆ ನುಗ್ಗಿದ್ದು. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ, ಮಾಮೂಲಿ ಮೀನು ಮಾಂಸ ತಿನ್ನುವವರಲ್ಲೂ ಎಷ್ಟೋ ಜನ ಆ ದಿನ ಬಿಡುತ್ತಾರೆ. ಆವತ್ತು ಅಂಥ ಅಂಗಡಿಗಳಲ್ಲಿ ಜಾಗ ಸಿಗುವುದಿಲ್ಲ.

ಭಟ್ರು ಕಣ್ಣು ತೆರೆದರು. "ಹಾಗೆ ಹೇಳು. ತಿಥಿ ನೋಡಿ ಊಟ ಮಾಡುವ ಜನ."

ಆ ಸದ್ಭಾವನೆ ಜಾಸ್ತಿ ಹೊತ್ತು ಉಳಿಯಲಿಲ್ಲ, ಮುಂದಿನ ಮಾತು ಮೊಟ್ಟೆ ಕಾಫಿಯದ್ದು. ಹನೋಯ್‌ನಲ್ಲಿ 1946ರ ಸುಮಾರಿಗೆ ಹಾಲಿಗೆ ಬರ ಬಂದಾಗ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದವನೊಬ್ಬ ಮೊಟ್ಟೆಯ ಹಳದಿಯನ್ನು ಸಕ್ಕರೆ ಹಾಕಿ ನೊರೆ ಬರುವಂತೆ ಕಡೆದು ಕಾಫಿಯ ಮೇಲೆ ಹಾಕಿದನಂತೆ. ಅವನ ಮನೆಯವರ ಕಾಫಿ ಅಂಗಡಿ ಈಗಲೂ ಇದೆ, ಪ್ರವಾಸಿಗರ ಸಾಲು ಇರುತ್ತದೆ. ಭಟ್ರು ತಮ್ಮ ಮುಂದಿದ್ದ ಫಿಲ್ಟರ್ ಕಾಫಿಯನ್ನು ಪುಟ್ಟನಿಂದ ದೂರ ಸರಿಸಿದರು. ಕಾಫಿ ಬೆಳೆಯುವುದರಲ್ಲಿ ಬ್ರೆಜಿಲ್ ಬಿಟ್ಟರೆ ಅವರೇ, ಅದರಲ್ಲೂ ರೋಬಸ್ಟಾದಲ್ಲಿ ಎಲ್ಲರಿಗಿಂತ ಮುಂದೆ ಅಂತ ಪುಟ್ಟ ಸಮಜಾಯಿಷಿ ಕೊಟ್ಟ.

"ಬೆಳೆದದ್ದು ಸರಿ. ಮಾಡ್ಲಿಕ್ಕೆ ನಮ್ಮನ್ನು ಕರೀಬೇಕಿತ್ತು" ಅಂದರು ಭಟ್ರು.

ಬಾನ್ ಸೆಯೊ ಅಂತ ಒಂದು ತಿಂಡಿ, ಅಕ್ಕಿಹಿಟ್ಟಿಗೆ ಅರಶಿನ, ತೆಂಗಿನ ಹಾಲು ಹಾಕಿ ಕಾವಲಿಯಲ್ಲಿ ಚುಂಯ್ ಅನ್ನಿಸಿ ಮಡಚುವುದು, ಅಲ್ಲಿಯವರೆಗೆ ಭಟ್ರು ತಲೆಯಾಡಿಸುತ್ತಿದ್ದರು. ಒಳಗೆ ಸಿಗಡಿ ಮತ್ತು ಹಂದಿ ಅಂದಾಗ ನಿಲ್ಲಿಸಿದರು.

ಇದನ್ನೆಲ್ಲ ತಿನ್ನುವುದು ರಸ್ತೆಬದಿಯಲ್ಲಿ, ಒಂದು ಗೇಣು ಎತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಪುಟ್ಟ ಫೋನಿನಲ್ಲಿ ಚಿತ್ರ ತೋರಿಸಿದ. ಎಲ್ಲರೂ ಮೊದಲು ಸ್ಟೂಲು ನೋಡಿ, ಆಮೇಲೆ ಶೆಟ್ರನ್ನು ನೋಡಿದೆವು. ಶೆಟ್ರು ಚಿತ್ರವನ್ನು ದೊಡ್ಡದು ಮಾಡಿ ಸ್ಟೂಲಿನ ಕಾಲುಗಳನ್ನು ಪರೀಕ್ಷಿಸಿ ಫೋನು ವಾಪಸ್ ಕೊಟ್ಟರು.

ರೈಲು ಬಸ್ಸಿನ ಕತೆ ಬೇಗ ಮುಗಿಯಿತು. ಹನೋಯ್‌ನಿಂದ ಸೈಗಾನ್‌ವರೆಗೆ, ಅಂದರೆ ಈಗಿನ ಹೋ ಚಿ ಮಿನ್ ಸಿಟಿವರೆಗೆ, 1,726 ಕಿ.ಮೀ. ಮೀಟರ್ ಗೇಜ್ ರೈಲು ಉಂಟು, ಮೂವತ್ತು ಗಂಟೆಗೂ ಮೇಲೆ ಹಿಡಿಯುತ್ತದೆ. ಪುಟ್ಟ ಜಾಸ್ತಿ ಹೋದದ್ದು ಸ್ಲೀಪರ್ ಬಸ್ಸಿನಲ್ಲಿ. ಹತ್ತುವಾಗಲೇ ಒಂದು ಪ್ಲಾಸ್ಟಿಕ್ ಚೀಲ ಕೊಡುತ್ತಾರೆ, ಚಪ್ಪಲಿ ಬಿಚ್ಚಿ ಅದರಲ್ಲಿ ಹಾಕಿಕೊಂಡು ಬರಿಗಾಲಲ್ಲಿ ಒಳಗೆ ಹೋಗಬೇಕು. ದೇವಸ್ಥಾನದ ಶಿಸ್ತು ಬಸ್ಸಿನಲ್ಲಿ! ಆದರೆ ಮಂಚದ ಉದ್ದ ಅಲ್ಲಿಯವರ ಅಳತೆಗೆ ಮಾಡಿದ್ದು. ಪುಟ್ಟನ ಮೊಣಕಾಲು ರಾತ್ರಿಯಿಡೀ ಗಲ್ಲಕ್ಕೆ ತಾಗುತ್ತಿತ್ತು, ಚೀಲದಲ್ಲಿದ್ದ ಬೂಟು ಮೂಗಿನ ಪಕ್ಕ.

ಟೀಚರ್ ಕಾದಿದ್ದು ಮಿ ಸನ್‌ಗೆ. ಹೊಯ್ ಆನ್ ಪಟ್ಟಣದಿಂದ ಸುಮಾರು 40 ಕಿ.ಮೀ. ದೂರ. ಚಾಮ್ ಅರಸರು 4ನೇ ಶತಮಾನದಿಂದ 13ನೇ ಶತಮಾನದವರೆಗೆ ಕಟ್ಟಿಸುತ್ತಾ ಬಂದ ಶಿವಾಲಯಗಳು, ಸಂಸ್ಕೃತದ ಶಾಸನಗಳು, ಯುದ್ಧದಲ್ಲಿ 1969ರಲ್ಲಿ ಅಮೆರಿಕದ ಬಾಂಬು ಬಿದ್ದು ಹಾಳಾದದ್ದು, 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು, ನಮ್ಮ ಪುರಾತತ್ವ ಇಲಾಖೆಯವರು ಹೋಗಿ ದುರಸ್ತಿ ಮಾಡುವಾಗ 2020ರಲ್ಲಿ ಮರಳುಗಲ್ಲಿನ ಏಕಶಿಲೆಯ ಶಿವಲಿಂಗ ಸಿಕ್ಕಿದ್ದು, ಇಷ್ಟನ್ನೂ ಹೇಳಿದ್ದು ಟೀಚರ್. ನೋಡಿ ಬಂದವನು ಕೈಕಟ್ಟಿ ಕೇಳುತ್ತಿದ್ದ.

"ಈಗ ನೀನು ಹೇಳು. ಎಂತ ನೋಡಿದೆ?"

"ಇಟ್ಟಿಗೆ ನೋಡಿದೆ ಟೀಚರ್. ತುಂಬ ಬಿಸಿಲಿತ್ತು."

ಟೀಚರ್ ಅವನನ್ನು ನೋಡಿದ ನೋಟಕ್ಕೆ ಹಿಂದೆ ನಾಲ್ಕು ಬ್ಯಾಚು ಹುಡುಗರು ಬೆಂಚಿನ ಮೇಲೆ ನಿಂತಿರಬೇಕು. ಭಟ್ರು ನಡುವೆ ಬಾಯಿ ಹಾಕಿ, ಪೂಜೆ ನಡೆಯುತ್ತದಾ ಅಂತ ವಿಚಾರಿಸಿದರು. ಇಲ್ಲ ಅಂದ ಪುಟ್ಟ. ನೈವೇದ್ಯವೂ ಇಲ್ವಾ? ಇಲ್ಲ. ಭಟ್ರಿಗೆ ಮಿ ಸನ್ ಮೇಲಿನ ಆಸಕ್ತಿ ಅಲ್ಲಿಗೆ ಮುಗಿಯಿತು.

ಉತ್ತರದ ತುದಿಯಲ್ಲಿ, ಚೀನಾ ಗಡಿಗೆ ತಾಗಿಕೊಂಡು ಹಾ ಜಾಂಗ್ ಅಂತ ಬೆಟ್ಟದ ಸೀಮೆ. ಅಲ್ಲಿಯ ಮಾ ಪಿ ಲೆಂಗ್ ಘಾಟಿಯಲ್ಲಿ ಬೈಕು ಓಡಿಸುವುದೇ ಪುಟ್ಟನ ಆಸೆ. ಚಾರ್ಮಾಡಿಯಲ್ಲಿ ಬುಲೆಟ್ ಓಡಿಸಿದವನು ನಾನು ಅಂತ ಹಾಸ್ಟೆಲಿನಲ್ಲೆಲ್ಲ ಹೇಳಿಕೊಂಡು ಬಿಟ್ಟಿದ್ದ. ಆಮೇಲೆ ಗೊತ್ತಾದದ್ದು, ನಮ್ಮ ಆರ್‌ಟಿಓದವರು ಕೊಡುವ ಅಂತರರಾಷ್ಟ್ರೀಯ ಲೈಸೆನ್ಸು 1949ರ ಒಪ್ಪಂದದ ಪ್ರಕಾರದ್ದು, ವಿಯೆಟ್ನಾಂ ಒಪ್ಪುವುದು 1968ರದ್ದನ್ನು. ಪೋಲೀಸು ಹಿಡಿದರೆ ದಂಡ, ಬಿದ್ದರೆ ವಿಮೆಯವರು ದುಡ್ಡು ಕೊಡದೆ ಕೈ ಎತ್ತುತ್ತಾರೆ. ಹಾಗಾದವರಿಗೆ ಅಲ್ಲಿ ಸ್ಥಳೀಯರೇ ಬೈಕು ಓಡಿಸುತ್ತಾರೆ, ನಾವು ಹಿಂದೆ ಕೂರುವುದು. ಪುಟ್ಟನ ಪಾಲಿಗೆ ಬಂದದ್ದು ಐದಡಿಯೂ ಇಲ್ಲದ ಒಬ್ಬಳು ಹೆಂಗಸು. ಕೆಳಗೆ ನೊ ಕ್ವೆ ನದಿಯ ಹಸಿರು ನೀರು, ಪಕ್ಕದಲ್ಲಿ ತಡೆಗೋಡೆ ಇದ್ದಲ್ಲಿ ಉಂಟು ಇಲ್ಲದಲ್ಲಿ ಇಲ್ಲ, ಆಕೆ ಒಂದು ಕೈಯಲ್ಲಿ ಫೋನು ತಿವಿಯುತ್ತಾ ತಿರುವು ಹೊಡೆಯುತ್ತಿದ್ದಳು. ಇವನು ತಿರುವಿನಲ್ಲಿ ಹೆದರಿ ಉಲ್ಟಾ ಕಡೆಗೆ ವಾಲಿದಾಗಲೆಲ್ಲ ತೊಡೆಗೆ ಒಂದು ಏಟು ಬೀಳುತ್ತಿತ್ತು.

"ಹೆಂಗಸು ಹೊಡೆದಳಾ?" ಶೆಟ್ರು ನಕ್ಕೂ ನಕ್ಕೂ ಕಣ್ಣೊರಸಿಕೊಂಡರು. "ಅಕ್ಕನಿಗೆ ಹೇಳ್ಬೇಕು ಇದನ್ನು. ನಮ್ಮಿಂದ ಆಗದ್ದು ಅಲ್ಲಿ ಆಯ್ತಲ್ಲ."

ದಕ್ಷಿಣಕ್ಕೆ ಬಂದ ಮೇಲೆ ಕು ಚಿ ಸುರಂಗ ನೋಡಿದ್ದನ್ನೂ ಹೇಳಿದ. ಯುದ್ಧದ ಕಾಲದಲ್ಲಿ ನೆಲದಡಿಯಲ್ಲಿ 200 ಕಿ.ಮೀ.ಗಿಂತ ಉದ್ದ ತೋಡಿದ್ದು, ಪ್ರವಾಸಿಗರಿಗೆ ಅಂತ ಈಗ ಸ್ವಲ್ಪ ಅಗಲ ಮಾಡಿದ ಭಾಗದಲ್ಲೂ ಬಗ್ಗಿಕೊಂಡೇ ಹೋಗಬೇಕು. ಹೊರಗೆ ಬಂದವರಿಗೆ ಆಗಿನ ಸೈನಿಕರ ಊಟ ಅಂತ ಬೇಯಿಸಿದ ಮರಗೆಣಸು ಕೊಡುತ್ತಾರೆ. ಮರಗೆಣಸು ತಿನ್ನಲಿಕ್ಕೆ ವಿಮಾನ ಹತ್ತಿ ಹೋದ ಮೊದಲ ಬಂಟ ಇವನೇ ಇರಬೇಕು ಅಂದರು ಪೈ ಮಾಮ್.

ಹೀಗೆ ಹೇಳುತ್ತಾ ಹೇಳುತ್ತಾ ಯಾರು ಮೊದಲು ತೆಗೆದರೋ ಗೊತ್ತಿಲ್ಲ, ನಾವೂ ಒಮ್ಮೆ ಹೋಗುವ ಅಂತ ಮಾತು ಬಂತು. ಐದು ನಿಮಿಷದಲ್ಲಿ ಎಲ್ಲ ತಯಾರು. ಟೀಚರಿಗೆ ಮಿ ಸನ್‌ನಲ್ಲೇ ಎರಡು ದಿನ ಬೇಕು. ಪೈ ಮಾಮ್‌ಗೆ ದಿನದ ಖರ್ಚು ಮೂರು ಲಕ್ಷ ಮೀರಬಾರದು, ಡಾಂಗಿನಲ್ಲಿ. ಶೆಟ್ರಿಗೆ ಬಸ್ಸಿನಲ್ಲಿ ಕೆಳಗಿನ ಮಂಚ, ಊಟಕ್ಕೆ ಮರದ ಕುರ್ಚಿ. ಭಟ್ರು ಕ್ಯಾಲೆಂಡರು ತೆಗೆದು, ಅಮಾವಾಸ್ಯೆಯ ದಿನ ಹೋಗಿ ಇಳಿದು ಹುಣ್ಣಿಮೆಯ ಊಟ ಮುಗಿಸಿ ಹೊರಡುವುದು ಅಂತ ನಿಶ್ಚಯಿಸಿದರು.

"ನಡುವಿನ ಎರಡು ವಾರ ಎಂತ ತಿಂತೀರಿ ಭಟ್ರೆ?" ಪುಟ್ಟ ಕೇಳಿದ.

"ಅವಲಕ್ಕಿ, ಉಪ್ಪಿನಕಾಯಿ, ಹಪ್ಪಳ, ಪುಳಿಯೋಗರೆ ಗೊಜ್ಜು. ಎಲ್ಲ ಕಟ್ಟಿಕೊಂಡು ಬರ್ತೇನೆ."

"ಕಾಫಿ?"

"ಡಿಕಾಕ್ಷನ್ ನನ್ನದೇ."

"ದೇವಸ್ಥಾನದಲ್ಲಿ ಪೂಜೆ ಇಲ್ಲ, ಹೋಟೆಲಿನಲ್ಲಿ ನೀವು ತಿನ್ನೂದಿಲ್ಲ, ಬೈಕಿನಲ್ಲಿ ಕೂರೂದಿಲ್ಲ" ಶೆಟ್ರು ಬೆರಳು ಮಡಚಿದರು. "ಮತ್ತೆ ಅಷ್ಟು ದೂರ ಬರೂದು ಎಂತಕ್ಕೆ ಮಾರಾಯ್ರೆ?"

ಭಟ್ರು ಕ್ಯಾಲೆಂಡರು ಮಡಚಿ ಜೇಬಿಗೆ ಹಾಕಿದರು.

"ಪೈಗಳು ರಸ್ತೆ ದಾಟುವುದನ್ನು ನೋಡ್ಲಿಕ್ಕೆ."