ಎಸಿಇಎಸ್ ಪದಾಧಿಕಾರಿ ಹುದ್ದೆಗೆ ನಿಲ್ಲಬೇಕು ಅಂತಿದ್ದೇನೆ, ತಿಳಿದವರು ಹೇಳಿ

ಪ್ರಶ್ನೆ

ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಕೌನ್ಸೆಲರ್ ಎಜುಕೇಶನ್ (ಆಪ್ತಸಲಹೆಗಾರರನ್ನು ತಯಾರು ಮಾಡುವ) ವಿಭಾಗದ ಅಸಿಸ್ಟೆಂಟ್ ಪ್ರೊಫೆಸರ್ ನಾನು, ಮೂರನೇ ವರ್ಷ. ಎಸಿಇಎಸ್, ಅಂದರೆ ಅಸೋಸಿಯೇಷನ್ ಫಾರ್ ಕೌನ್ಸೆಲರ್ ಎಜುಕೇಶನ್ ಅಂಡ್ ಸೂಪರ್‌ವಿಷನ್, ಅದರ ನಮ್ಮ ಪ್ರಾದೇಶಿಕ ಘಟಕದಲ್ಲಿ ನಿಯೋಜಿತ ಅಧ್ಯಕ್ಷ (ಮುಂದಿನ ವರ್ಷ ಅಧ್ಯಕ್ಷರಾಗುವವರು), ಕಾರ್ಯದರ್ಶಿ, ಖಜಾಂಚಿ ಹುದ್ದೆಗಳಿಗೆ ಹೆಸರು ಕರೆದಿದ್ದಾರೆ. ತಮ್ಮ ಹೆಸರನ್ನು ತಾವೇ ಕೊಡಬಹುದು ಎಂದೂ ಇದೆ. ಯಾರೂ ಕರೆಯದೆ ನಾನಾಗಿ ಮುಂದೆ ಹೋಗಲು ಸಂಕೋಚ. ಯಾವ ಹುದ್ದೆ ಆರಿಸಬೇಕು, ಹೇಳಿಕೆಯಲ್ಲಿ ಏನು ಬರೆಯಬೇಕು, ಕಾಯಂ ನೇಮಕಕ್ಕೆ, ಅಂದರೆ ಟೆನ್ಯೂರ್‌ಗೆ ಇದು ಅಡ್ಡ ಬರುತ್ತದಾ? ಎಚ್-1ಬಿ ವೀಸಾದಲ್ಲಿದ್ದೇನೆ, ಅದರಿಂದ ತೊಡಕಿದೆಯಾ?

ನಾಮನಿರ್ದೇಶನ ಸಮಿತಿಯ ಕೆಲಸ ಬಲ್ಲವರು

ಸಂಕೋಚವನ್ನು ಮೊದಲು ಬದಿಗಿಡಿ. ಸಮಿತಿಯವರಿಗೆ ಇರುವ ದೊಡ್ಡ ತಲೆನೋವು ಒಂದು ಹುದ್ದೆಗೆ ಇಬ್ಬರು ಅಭ್ಯರ್ಥಿಗಳನ್ನು ಹೊಂದಿಸುವುದು. ಖಜಾಂಚಿ ಹುದ್ದೆಗಂತೂ ಒಬ್ಬರು ಸಿಕ್ಕರೆ ಪುಣ್ಯ. ತಾನಾಗಿ ಬಂದ ಹೆಸರನ್ನು ಅಲ್ಲಿ ಯಾರೂ ಹೆಚ್ಚುಗಾರಿಕೆ ಅಂತ ನೋಡುವುದಿಲ್ಲ. ಸಹೋದ್ಯೋಗಿಯೊಬ್ಬರು ಹೆಸರು ಸೂಚಿಸಿದರೆ ನಿಮ್ಮ ಮನಸ್ಸಿಗೆ ಹಗುರವಾಗಬಹುದು, ಪೆಟ್ಟಿಗೆಗೆ ಬೀಳುವ ಮತದಲ್ಲಿ ಅದರಿಂದ ವ್ಯತ್ಯಾಸವಿಲ್ಲ.

ಅರ್ಜಿಗೆ ಮುಂಚೆ ಓದಬೇಕಾದ್ದು ಮೂರು: ಘಟಕದ ಬೈಲಾ, ಹುದ್ದೆಗಳ ಕರ್ತವ್ಯ ಬರೆದಿರುವ ಕೈಪಿಡಿ, ಹಿಂದಿನ ಎರಡು ವರ್ಷದ ಸಭಾ ನಡಾವಳಿ. ಬೈಲಾದಲ್ಲಿ ಅರ್ಹತೆಯ ಸಾಲನ್ನು ಬೆರಳಿಟ್ಟು ಓದಿ. ಎಷ್ಟು ವರ್ಷದ ಸದಸ್ಯತ್ವ, ಮಾತೃಸಂಸ್ಥೆ ಎಸಿಎಯ (ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್) ಸದಸ್ಯತ್ವವೂ ಬೇಕೇ, ಸದಸ್ಯತ್ವದ ದರ್ಜೆ ಯಾವುದು. ಅರ್ಜಿ ತಿರಸ್ಕಾರವಾಗುವುದು ಯೋಗ್ಯತೆ ಕಡಿಮೆಯಾಗಿ ಅಲ್ಲ, ಸದಸ್ಯತ್ವ ನವೀಕರಣ ಎರಡು ತಿಂಗಳು ತಪ್ಪಿದ್ದಕ್ಕೆ. ಪಿಎಚ್‌ಡಿ ಮುಗಿಸಿ ಕೆಲಸಕ್ಕೆ ಸೇರಿದವರು ಇನ್ನೂ ವಿದ್ಯಾರ್ಥಿ ದರ್ಜೆಯಲ್ಲೇ ಉಳಿದಿರುವುದೂ ಉಂಟು. ಇವತ್ತೇ ನೋಡಿಕೊಳ್ಳಿ.

ಈಗ ಅಭ್ಯರ್ಥಿ ಹೇಳಿಕೆ. ಸಾಮಾನ್ಯವಾಗಿ 200-300 ಪದಗಳ ಮಿತಿ. ಬಹುಪಾಲು ಹೇಳಿಕೆಗಳು ಹೀಗಿರುತ್ತವೆ: “ನಾಯಕತ್ವ, ಒಳಗೊಳ್ಳುವಿಕೆ ಮತ್ತು ಮಾರ್ಗದರ್ಶನಕ್ಕೆ ನಾನು ಬದ್ಧ.” ಈ ಸಾಲಿನ ಕೆಳಗೆ ಎದುರಾಳಿಯ ಹೆಸರು ಹಾಕಿದರೂ ಹೊಂದುತ್ತದೆ, ಹಾಗಾಗಿ ಅದು ಹೇಳಿಕೆಯೇ ಅಲ್ಲ. ಇದನ್ನು ನೋಡಿ: “ಸಮ್ಮೇಳನದ ಪ್ರಸ್ತಾವ ತಿರಸ್ಕಾರವಾದ ಡಾಕ್ಟರಲ್ ವಿದ್ಯಾರ್ಥಿಗಳಿಗೆ ಈಗ ಒಂದು ಸಾಲಿನ ಇಮೇಲ್ ಮಾತ್ರ ಹೋಗುತ್ತದೆ. ಪರಿಶೀಲಕರ ಅಂಕಪಟ್ಟಿಯನ್ನೂ ಜೊತೆಗೆ ಕಳಿಸುವ ವ್ಯವಸ್ಥೆ ಮಾಡುತ್ತೇನೆ. ಅದಕ್ಕೆ ಹೊಸ ಖರ್ಚಿಲ್ಲ, ಪರಿಶೀಲಕರ ನಮೂನೆಯಲ್ಲಿ ಒಂದು ಕಲಂ ಸೇರಿಸಿದರೆ ಸಾಕು.” ಒಂದು ಕೊರತೆ, ಒಂದು ಕೆಲಸ, ಅದಕ್ಕೆ ಬೇಕಾದ್ದು. ಹುದ್ದೆಯ ಕೈಲಾಗದ್ದನ್ನು ಮಾತ್ರ ಬರೆಯಬೇಡಿ. ಪ್ರಾದೇಶಿಕ ಕಾರ್ಯದರ್ಶಿ ಸಿಎಸಿಆರ್‌ಇಪಿ ಮಾನದಂಡ ಬದಲಾಯಿಸುತ್ತೇನೆ ಅಂದರೆ ತಿಳಿದವರು ನಗುತ್ತಾರೆ. ಕೌನ್ಸೆಲಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಿಎಸಿಆರ್‌ಇಪಿ 1981ರಿಂದ ಇರುವ ಬೇರೆಯೇ ಸಂಸ್ಥೆ.

ನಿಯೋಜಿತ ಅಧ್ಯಕ್ಷ ಹುದ್ದೆ ಈಗಲೇ ಬೇಡ. ಮೊದಲು ಒಂದು ಸಮಿತಿಯಲ್ಲಿ ವರ್ಷ ಕಳೆಯಿರಿ.

ಅಧ್ಯಕ್ಷ ಹುದ್ದೆಯ ಬಗ್ಗೆ ಒಂದು ಸೇರ್ಪಡೆ

ಅದು ಒಂದು ವರ್ಷದ ಹುದ್ದೆಯಲ್ಲ. ನಿಯೋಜಿತ, ಹಾಲಿ, ನಿಕಟಪೂರ್ವ ಅಂತ ಮೂರು ವರ್ಷ. ಸಂಘದ ವರ್ಷ ಜುಲೈ 1ರಿಂದ ಜೂನ್ 30. ಇಲ್ಲೊಂದು ಲೆಕ್ಕವನ್ನು ಹೊಸಬರು ಮರೆಯುತ್ತಾರೆ: ರಾಷ್ಟ್ರೀಯ ಸಮ್ಮೇಳನ ಬೆಸ ವರ್ಷದಲ್ಲಿ, ಐದು ಪ್ರಾದೇಶಿಕ ಘಟಕಗಳ ಸಮ್ಮೇಳನ ಸರಿ ವರ್ಷದಲ್ಲಿ, ಎರಡೂ ಸಾಮಾನ್ಯವಾಗಿ ಶರತ್ಕಾಲದಲ್ಲಿ. ಬೆಸ ವರ್ಷದ ಜುಲೈನಲ್ಲಿ ನಿಯೋಜಿತರಾದವರು ಅಧ್ಯಕ್ಷರಾದ ಮೂರು ನಾಲ್ಕು ತಿಂಗಳಿಗೇ ತಮ್ಮ ಘಟಕದ ಸಮ್ಮೇಳನ ನಡೆಸಬೇಕು. ಸರಿ ವರ್ಷದಲ್ಲಿ ಬಂದವರಿಗೆ ಅದು ನಿಯೋಜಿತ ವರ್ಷದಲ್ಲೇ ಮುಗಿಯುತ್ತದೆ, ಅಧ್ಯಕ್ಷಗಿರಿಯ ಶರತ್ಕಾಲದಲ್ಲಿ ರಾಷ್ಟ್ರೀಯ ಸಮ್ಮೇಳನ. ಸಮ್ಮೇಳನದ ಹೊಣೆಯನ್ನು ಬೈಲಾ ಯಾರ ತಲೆಗೆ ಕಟ್ಟಿದೆ ನೋಡಿ, ಆಮೇಲೆ ಬೆರಳು ಮಡಚಿ ವರ್ಷ ಎಣಿಸಿ.

ಕಾರ್ಯದರ್ಶಿ ಹುದ್ದೆ ತಿಳಿದವರು

ನೀವು ಕೇಳಿದ ಮೂರರಲ್ಲಿ ನಿಮ್ಮ ಹಂತಕ್ಕೆ ಕಾರ್ಯದರ್ಶಿಯೇ ಸರಿ. ಸಭೆ ಮುಗಿದ ಎರಡೇ ದಿನದಲ್ಲಿ ನಡಾವಳಿ ಬರೆದುಬಿಟ್ಟರೆ ಉಳಿದದ್ದು ಹಗುರ. ಎರಡು ವಾರ ಬಿಟ್ಟರೆ ಅದೇ ಕೆಲಸ ಮೂರು ಪಟ್ಟು.

ನಡಾವಳಿಯಲ್ಲಿ ಏನಾಯಿತು ಅನ್ನುವುದಿರಬೇಕು, ಯಾರು ಏನಂದರು ಅನ್ನುವುದಲ್ಲ. “ವಿದ್ಯಾರ್ಥಿ ಅನುದಾನಕ್ಕೆ ಹಣ ಕೊಡಲು ಎಲ್ಲರೂ ಒಪ್ಪಿದರು” ಅಂತ ಬರೆದಿಟ್ಟರೆ ಆರು ತಿಂಗಳ ನಂತರ ಎಷ್ಟು, ಯಾವ ಬಾಬ್ತಿನಿಂದ ಎಂದು ಜಗಳ ಶುರು. “ವಿದ್ಯಾರ್ಥಿ ಸಂಶೋಧನೆಗೆ ತಲಾ 750 ಡಾಲರಿನ 2 ಅನುದಾನ, ಒಟ್ಟು 1,500 ಡಾಲರ್, ಪ್ರಸಕ್ತ ವರ್ಷದ ಬಜೆಟ್ಟಿನಿಂದ; ಪರ 7, ವಿರೋಧ 0, ಒಬ್ಬರು ತಟಸ್ಥ; ಅಂಗೀಕಾರ.” ಸೂಚಿಸಿದವರ ಹೆಸರು ಸೇರಿಸಿ. ಅನುಮೋದಿಸಿದವರ ಹೆಸರು ಬೇಕಿಲ್ಲ.

ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್ ಸಭಾ ನಿಯಮಗಳ 1876ರ ಪುಸ್ತಕ, ಇಂಥ ಸಂಘಗಳಲ್ಲಿ ಇವತ್ತಿಗೂ ಸಭೆ ನಡೆಯುವುದು ಬಹುತೇಕ ಅದರ ಮೇಲೆ. ಇಡೀ ಪುಸ್ತಕ ಬಾಯಿಪಾಠ ಮಾಡಬೇಕಿಲ್ಲ, ಎರಡು ಕಡೆ ಎಚ್ಚರ ಇದ್ದರೆ ಸಾಕು. “ಟೇಬಲ್ ಮಾಡೋಣ” ಎಂದು ಎಲ್ಲರೂ ಹೇಳುವುದು ಮುಂದೂಡೋಣ ಎಂಬ ಅರ್ಥದಲ್ಲಿ. ನಿಯಮದಲ್ಲಿ ಅದು ತುರ್ತು ವಿಷಯ ಬಂದಾಗ ಹಿಡಿದದ್ದನ್ನು ಸ್ವಲ್ಪ ಹೊತ್ತು ಬದಿಗಿಡುವುದು. ಮುಂದಿನ ಸಭೆಗೆ ಎಂದು ಗೊತ್ತುಪಡಿಸಿ ಮುಂದೂಡುವುದೇ ಬೇರೆ ಸೂಚನೆ. ಇನ್ನೊಂದು ಇಮೇಲ್ ಮತ. ಬೈಲಾ ಅವಕಾಶ ಕೊಡದಿದ್ದರೆ ಮಂಡಳಿ ಇಮೇಲಿನಲ್ಲಿ ಮಾಡಿದ ತೀರ್ಮಾನ ನಿಲ್ಲುವುದಿಲ್ಲ. ಗುಂಪಿನಲ್ಲಿ ಎಲ್ಲರೂ “ಓಕೆ” ಎಂದು ಉತ್ತರಿಸಿ ಹೋಟೆಲಿಗೆ ಮುಂಗಡ ಕಟ್ಟಿದರೆ, ಪ್ರಶ್ನೆ ಬಂದ ದಿನ ಕೈಯಲ್ಲಿ ದಾಖಲೆ ಇರುವುದಿಲ್ಲ.

ಖಜಾಂಚಿ ಹುದ್ದೆ ತಿಳಿದವರು

ಯಾರೂ ಬಾರದ ಹುದ್ದೆ, ಆದ್ದರಿಂದ ಗೆಲುವು ಸುಲಭ. ಕೆಲಸವೂ ಸುಲಭ ಅಂದುಕೊಳ್ಳಬೇಡಿ. ನಿಲ್ಲುವ ಮುಂಚೆ ಹೀಗೆ ಮಾಡಿ.

ಘಟಕಕ್ಕೆ ಸ್ವಂತ ತೆರಿಗೆ ಗುರುತು ಸಂಖ್ಯೆ, ಅಂದರೆ ಇಐಎನ್, ಇದೆಯೇ ಕೇಳಿ. ಇದ್ದರೆ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ವಿನಾಯಿತಿ ಸಂಸ್ಥೆಗಳ ಹುಡುಕಾಟ ಪುಟದಲ್ಲಿ ಮೂರು ವರ್ಷದ 990 ನಮೂನೆ, ಅಂದರೆ ವಾರ್ಷಿಕ ಲೆಕ್ಕಪತ್ರ, ತೆರೆದು ನೋಡಿ, ಅವು ಸಾರ್ವಜನಿಕ. ಸರಾಸರಿ ವಾರ್ಷಿಕ ಆದಾಯ 50,000 ಡಾಲರ್ ಒಳಗಿದ್ದರೆ 990-ಎನ್ ಎಂಬ ಪುಟ್ಟ ಇ-ಪೋಸ್ಟ್‌ಕಾರ್ಡ್ ಸಾಕು. ಸಮ್ಮೇಳನದ ವರ್ಷ ನೋಂದಣಿ ಹಣ ಒಮ್ಮೆಲೇ ಬಂದು ಆ ಗೆರೆ ದಾಟಿಸಬಹುದು, ಆದರೆ ಹಳೆಯ ಸಂಸ್ಥೆಗೆ ಲೆಕ್ಕ ಮೂರು ವರ್ಷದ ಸರಾಸರಿಯದ್ದು. ಜೂನ್ 30ಕ್ಕೆ ವರ್ಷ ಮುಗಿಯುವ ಸಂಸ್ಥೆಗೆ ಗಡುವು ನವೆಂಬರ್ 15. ಸತತ ಮೂರು ವರ್ಷ ಸಲ್ಲಿಸದಿದ್ದರೆ ತೆರಿಗೆ ವಿನಾಯಿತಿ ತಾನಾಗಿಯೇ ರದ್ದು. ಹೀಗಾಗುವುದು ಯಾಕೆಂದರೆ ಜುಲೈನಲ್ಲಿ ಖಜಾಂಚಿ ಬದಲಾಗುತ್ತಾರೆ, ಜ್ಞಾಪನ ಪತ್ರ ಹಳಬರ ವಿಳಾಸಕ್ಕೇ ಹೋಗುತ್ತಿರುತ್ತದೆ, ಹಳಬರು ಸಲ್ಲಿಸಿರುತ್ತಾರೆ ಎಂದು ಹೊಸಬರು ಅಂದುಕೊಂಡಿರುತ್ತಾರೆ.

ಬ್ಯಾಂಕ್ ಸಹಿ ಬದಲಾವಣೆ ಮತ್ತೊಂದು. ಹೊಸ ಪದಾಧಿಕಾರಿಗಳ ಹೆಸರಿರುವ, ಅಂಗೀಕಾರವಾದ ನಡಾವಳಿಯನ್ನು ಬ್ಯಾಂಕಿನವರು ಕೇಳುತ್ತಾರೆ. ಆ ನಡಾವಳಿ ಮುಂದಿನ ಸಭೆಯ ತನಕ ಅಂಗೀಕಾರವಾಗದಿದ್ದರೆ ಬೇಸಿಗೆಯಿಡೀ ಹಳೆಯ ಖಜಾಂಚಿಯ ಬಾಗಿಲು ತಟ್ಟುತ್ತಿರಬೇಕು. ಸಹಿದಾರರ ಹೆಸರು ಸೂಚಿಸುವ ಪ್ರತ್ಯೇಕ ನಿರ್ಣಯವನ್ನು ಜೂನ್ ಸಭೆಯಲ್ಲೇ ಮಾಡಿಸಿ.

ಘಟಕದ ಹಣ ಕರಗುವುದು ಹೋಟೆಲ್ ಕರಾರಿನಲ್ಲಿ. ಉದಾಹರಣೆಗೆ 300 ಕೊಠಡಿ-ರಾತ್ರಿ (ಒಂದು ಕೊಠಡಿ ಒಂದು ರಾತ್ರಿಗೆ ಒಂದು ಲೆಕ್ಕ) ಕಾದಿರಿಸಿದ್ದೀರಿ, 80 ಪ್ರತಿಶತ ತುಂಬಿಸುವ ಷರತ್ತು. ಅಂದರೆ 240 ಹೋಗಲೇಬೇಕು. ಹೋದದ್ದು 190. ಕೊರತೆ 50, ದರ 190 ಡಾಲರ್. ದಂಡ 9,500 ಡಾಲರ್. ಕೊರತೆ ಯಾಕೆ ಬೀಳುತ್ತದೆ? ನಾಲ್ಕು ಜನ ವಿದ್ಯಾರ್ಥಿಗಳು ಒಂದು ಕೊಠಡಿ ಹಂಚಿಕೊಳ್ಳುತ್ತಾರೆ, ಅಧ್ಯಾಪಕರು ಪ್ರಯಾಣದ ಆ್ಯಪ್‌ನಲ್ಲಿ ಅದೇ ಹೋಟೆಲನ್ನು ಅಗ್ಗಕ್ಕೆ ಹಿಡಿಯುತ್ತಾರೆ. ಆ್ಯಪ್‌ನಿಂದ ಬಂದವರು ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ, ಮನುಷ್ಯರು ಅದೇ ಹೋಟೆಲಿನಲ್ಲೇ ಮಲಗಿದ್ದರೂ. ಅದಕ್ಕೆ ಸಹಿಗೆ ಮುಂಚೆ ಮೂರು ಷರತ್ತು ಸೇರಿಸಿ: ಸಮ್ಮೇಳನಕ್ಕೆ 90 ಮತ್ತು 60 ದಿನ ಮುಂಚೆ ಕೊಠಡಿ ಸಂಖ್ಯೆಯನ್ನು ದಂಡವಿಲ್ಲದೆ ಇಳಿಸುವ ಅವಕಾಶ, ನಮ್ಮ ನೋಂದಣಿ ಪಟ್ಟಿಯನ್ನು ಹೋಟೆಲಿನ ಅತಿಥಿ ಪಟ್ಟಿಗೆ ತಾಳೆ ನೋಡಿ, ಹೊರಗಿನಿಂದ ಕಾದಿರಿಸಿದವರನ್ನೂ ನಮ್ಮ ಲೆಕ್ಕಕ್ಕೆ ಹಿಡಿಯುವುದು, ಖಾಲಿ ಬಿಟ್ಟ ಕೊಠಡಿಯನ್ನು ಹೋಟೆಲ್ ಬೇರೆಯವರಿಗೆ ಮಾರಿದರೆ ಅಷ್ಟು ದಂಡ ಕಡಿತ. ಊಟ-ಕಾಫಿಯ ಕನಿಷ್ಠ ಮೊತ್ತ 20,000 ಎಂದಿದ್ದರೆ ಸೇವಾ ಶುಲ್ಕ, ತೆರಿಗೆ ಅದರ ಮೇಲೆ. 25 ಪ್ರತಿಶತ ಸೇವಾ ಶುಲ್ಕ ಸೇರಿದರೆ ತೆರಿಗೆಗೆ ಮುಂಚೆಯೇ 25,000.

ಈ ಕರಾರಿಗೆ ಸಾಮಾನ್ಯವಾಗಿ ಒಂದೆರಡು ವರ್ಷ ಮುಂಚೆಯೇ ಸಹಿ ಬಿದ್ದಿರುತ್ತದೆ. ನೀವು ಬರುವ ವರ್ಷಕ್ಕೆ ಯಾವ ಕರಾರು ಕಾದು ಕುಳಿತಿದೆ ಎಂದು ಈಗಿನ ಖಜಾಂಚಿಯನ್ನು ಕೇಳಿ. ಪದಾಧಿಕಾರಿಗಳ ಹೊಣೆಗಾರಿಕೆ ವಿಮೆ ಇದೆಯೇ ಎಂದೂ.

ವಿಭಾಗ ಮುಖ್ಯಸ್ಥರ ಕಡೆಯಿಂದ ನೋಡುವವರು

ಮೊದಲ ಉತ್ತರದ “ಮೊದಲು ಒಂದು ಸಮಿತಿಯಲ್ಲಿ ವರ್ಷ ಕಳೆಯಿರಿ” ಎಂಬ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸಮಿತಿಯ ಬರೀ ಸದಸ್ಯತ್ವ ಬಯೋಡೇಟಾದಲ್ಲಿ ಒಂದು ಸಾಲು, ಅಷ್ಟೇ. ಗಡುವು ಇರುವ, ಕೊನೆಗೆ ಕೈಯಲ್ಲಿ ಏನಾದರೂ ಉಳಿಯುವ ಕೆಲಸ ಹಿಡಿಯಿರಿ. ಮೇಲ್ವಿಚಾರಣೆ ಕಲಿಸುವ ನಾವೆಲ್ಲ ಬಳಸುವ 2011ರ ಕ್ಲಿನಿಕಲ್ ಸೂಪರ್‌ವಿಷನ್ ಉತ್ತಮ ಪದ್ಧತಿಗಳ ದಾಖಲೆ ಎಸಿಇಎಸ್‌ನ ಒಂದು ಕಾರ್ಯಪಡೆಯ ಕೆಲಸ. ಆ ವರ್ಷ ಅಧ್ಯಕ್ಷರು ಯಾರಿದ್ದರು ಎಂದು ಎಷ್ಟು ಜನ ಹೇಳಬಲ್ಲರು?

ಟೆನ್ಯೂರ್ ಅರ್ಜಿ ಬಹಳ ಕಡೆ ಆರನೇ ವರ್ಷ. ಮೂರನೇ ವರ್ಷದ ಕೊನೆಗೆ ನಿಯೋಜಿತ ಅಧ್ಯಕ್ಷರಾದರೆ ನಾಲ್ಕು ನಿಯೋಜಿತ, ಐದು ಅಧ್ಯಕ್ಷ, ಆರು ನಿಕಟಪೂರ್ವ. ಬಾಹ್ಯ ಪರಿಶೀಲಕರಿಗೆ ಕಡತ ಹೊರಡುವ ಬೇಸಿಗೆಗೆ ಮುಂಚಿನ ಇಡೀ ವರ್ಷ, ಅಂದರೆ ಪ್ರಬಂಧಗಳು ಮುಗಿಯಬೇಕಾದ ವರ್ಷ, ಅಧ್ಯಕ್ಷಗಿರಿಗೆ ಹೋಯಿತು. ಬೇಡ.

ಹೆಸರು ಕೊಡುವ ಮುಂಚೆ ಮುಖ್ಯಸ್ಥರಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. “ಒಳ್ಳೇದು, ಮಾಡಿ” ಎಂಬ ಬಾಯಿಮಾತು ಮುಖ್ಯಸ್ಥರು ಬದಲಾದ ದಿನ ಗಾಳಿಗೆ ಹೋಗುತ್ತದೆ. ಇಮೇಲಿನಲ್ಲಿ ನಾಲ್ಕು ವಿಷಯ ಸಾಕು: ವಿಭಾಗದ ಯಾವ ಸಮಿತಿಯಿಂದ ಬಿಡುಗಡೆ, ಬೋಧನೆಯಲ್ಲಿ ಕಡಿತ ಉಂಟೇ, ವರ್ಷಕ್ಕೆ ಎಷ್ಟು ಪ್ರಯಾಣ ಭತ್ಯೆ, ವಾರ್ಷಿಕ ಮೌಲ್ಯಮಾಪನದಲ್ಲಿ ಇದು ಯಾವ ಕಲಮಿನಡಿ. ಬೋಧನೆಯ ಕಡಿತ ಪ್ರಾದೇಶಿಕ ಹುದ್ದೆಗೆ ಸಿಗುವುದು ಅಪರೂಪ. ಸಮಿತಿ ಬಿಡುಗಡೆ ಕೇಳಿದರೆ ಸಿಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಕಾರ್ಯದರ್ಶಿ ಎಂದು ಮನಸ್ಸು ಮಾಡಿದ್ದೇನೆ. ನಮ್ಮ ಡಾಕ್ಟರಲ್ ವಿದ್ಯಾರ್ಥಿಗಳು ಹದಿನೈದು ಜನ ಸದಸ್ಯರು. ಅವರಿಗೊಂದು ಮಾತು ಹೇಳಬಹುದಾ?

ಸಂಹಿತೆ ಪಾಠ ಮಾಡುವವರು

ಬೇಡ. ನೀವು ಅಂಕ ಕೊಡುವವರು, ಅವರು ಅಂಕ ಪಡೆಯುವವರು. ಎಸಿಎಯ 2014ರ ನೀತಿ ಸಂಹಿತೆಯಲ್ಲಿ ಮೇಲ್ವಿಚಾರಣೆ, ತರಬೇತಿ, ಬೋಧನೆಗೆ ಎಫ್ ವಿಭಾಗ ಮೀಸಲು, ಅಧ್ಯಾಪಕ-ವಿದ್ಯಾರ್ಥಿ ಸಂಬಂಧದ ಗಡಿಗಳು ಅಲ್ಲೇ ಇವೆ. ನೀವೇ ತರಗತಿಯಲ್ಲಿ ಕಲಿಸುವುದನ್ನು ಚುನಾವಣೆಗೆಂದು ಮರೆಯಬೇಡಿ. ಹದಿನೈದು ಮತಕ್ಕಿಂತ ಇದು ದುಬಾರಿ. ವಿಭಾಗದವರು ಎಲ್ಲ ಅಭ್ಯರ್ಥಿಗಳ ಪುಟವನ್ನೂ ಹಂಚಿ “ಮತ ಹಾಕಿ” ಎಂದರೆ ತಪ್ಪಿಲ್ಲ. ಪ್ರಚಾರ ನಿಯಮವನ್ನೂ ಓದಿ: ಸಂಘದ ಇಮೇಲ್ ಪಟ್ಟಿ, ಸಮ್ಮೇಳನದ ವೇದಿಕೆ, ವಿಶ್ವವಿದ್ಯಾಲಯದ ಲೆಟರ್‌ಹೆಡ್, ಈ ಮೂರು ಕಡೆ ಜನ ಎಡವುತ್ತಾರೆ.

ವೀಸಾ ವಿಷಯಕ್ಕೆ: ಎಚ್-1ಬಿಯಲ್ಲಿ ಕೆಲಸ ಮಾಡಿ ಸಂಬಳ ಪಡೆಯುವುದು ಅರ್ಜಿ ಹಾಕಿದ ಸಂಸ್ಥೆಯಲ್ಲಿ ಮಾತ್ರ. ತೊಡಕು ಬರುವುದು ಹುದ್ದೆಗೆ ಗೌರವಧನ ಇದ್ದರೆ. ಬೈಲಾದಲ್ಲಿ ಆ ಪದ ಹುಡುಕಿ, ಆ ಪುಟವನ್ನೇ ಹಿಡಿದು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಗೆ ಹೋಗಿ, ಉತ್ತರ ಇಮೇಲಿನಲ್ಲಿ ಪಡೆಯಿರಿ. ಹೆಸರು ಕೊಡುವ ಮುಂಚೆ, ಗೆದ್ದ ಮೇಲಲ್ಲ.

ನಾಮನಿರ್ದೇಶನ ಸಮಿತಿಯ ಕೆಲಸ ಬಲ್ಲವರು, ಮತ್ತೆ

ಬರೀ ಸದಸ್ಯತ್ವದ ಬಗ್ಗೆ ಮೇಲಿನವರು ಹೇಳಿದ್ದು ಸರಿ, ಒಪ್ಪಿದೆ. ಇನ್ನೊಂದು ಬಿಟ್ಟುಹೋಗಿತ್ತು. ಸೋತರೆ ಫಲಿತಾಂಶ ಬಂದ ವಾರವೇ ನಿಯೋಜಿತ ಅಧ್ಯಕ್ಷರಿಗೆ ಬರೆಯಿರಿ. ಜುಲೈ 1ಕ್ಕೆ ಮುಂಚೆ ಅವರು ಸಮಿತಿಗಳ ಅಧ್ಯಕ್ಷರನ್ನು ಹುಡುಕುತ್ತಿರುತ್ತಾರೆ, ಎಷ್ಟೋ ಖಾಲಿ. “ಯಾವುದಾದರೂ ಸರಿ” ಎನ್ನಬೇಡಿ, ಪ್ರಸ್ತಾವ ಪರಿಶೀಲನೆ, ಪ್ರಶಸ್ತಿ, ಬೈಲಾ ಎಂದು ಹೆಸರಿಟ್ಟು ಕೇಳಿ. ಬೈಲಾ ಸಮಿತಿ ಯಾವಾಗಲೂ ಖಾಲಿ ಇರುತ್ತದೆ.