ಚಿತ್ತಾರ ನನ್ನನ್ನು ಸಂತೈಸಿತು: ಕಲಾ ಚಿಕಿತ್ಸಕಿಯಾಗಲು ಏನು ಓದಬೇಕು?

ಪ್ರಶ್ನೆ (ಶಿಕ್ಷಕಿ, ಶಿರಸಿ): ತಂದೆಯವರು ತೀರಿಕೊಂಡ ಮೇಲೆ ಯಾರೊಂದಿಗೂ ಮಾತು ಬೇಡವಾಗಿದ್ದಾಗ, ಅಜ್ಜಿ ಕಲಿಸಿದ್ದ, ಮಲೆನಾಡಿನ ಸಾಂಪ್ರದಾಯಿಕ ಗೋಡೆಚಿತ್ರವಾದ ಹಸೆ ಚಿತ್ತಾರವನ್ನು ಪುಂಡಿ ನಾರಿನ ಕುಂಚ ಹಿಡಿದು ಮತ್ತೆ ಬರೆಯತೊಡಗಿದೆ. ಮೊದಲು ಅಳು ಬಂತು, ಆಮೇಲೆ ನಿದ್ರೆ ಬಂತು. ಇತರರಿಗೂ ಹೀಗೆ ನೆರವಾಗಲು ಅಭಿವ್ಯಕ್ತಿ ಕಲಾ ಚಿಕಿತ್ಸಕಿಯಾಗಬೇಕೆಂದಿದ್ದೇನೆ. ನನ್ನದು ಬಿ.ಎ., ಬಿ.ಎಡ್. ದಾರಿ ಯಾವುದು?

ಉತ್ತರ (ಮನಶ್ಶಾಸ್ತ್ರಜ್ಞೆ, ಕಾರವಾರ): ನಿಮಗೆ ಬಂದ ಅಳು ನಿಮ್ಮನ್ನು ಹಗುರಗೊಳಿಸಿತು. ಆದರೆ ನಿಮ್ಮೆದುರು ಕುಳಿತು ಗೆರೆ ಎಳೆಯುವ ಇನ್ನೊಬ್ಬರಿಗೆ ಅದೇ ಕ್ಷಣದಲ್ಲಿ ಹಳೆಯ ಆಘಾತ ಮರುಕಳಿಸಿ, ಉಸಿರು ಕಟ್ಟಿದಂತಾಗಿ, ಇದ್ದ ನಿದ್ರೆಯೂ ಕೆಡಬಹುದು. ಆಗ ಎಲ್ಲಿ ನಿಲ್ಲಿಸಬೇಕು, ಯಾರನ್ನು ಮನೋವೈದ್ಯರ ಬಳಿಗೆ ಕಳುಹಿಸಬೇಕು ಎಂಬ ತಿಳಿವಳಿಕೆಯೇ ಈ ವೃತ್ತಿಯ ತಿರುಳು. ಅದು ಸ್ವಂತ ಅನುಭವವೊಂದರಿಂದಲೇ ಬರುವುದಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

1970ರ ದಶಕದಲ್ಲಿ ಅಮೆರಿಕದ ಲೆಸ್ಲಿ ಸಂಸ್ಥೆಯಲ್ಲಿ ಶಾನ್ ಮೆಕ್‌ನಿಫ್, ಪಾವೊಲೊ ಕ್ನಿಲ್ ಮೊದಲಾದವರು ರೂಪಿಸಿದ ಅಭಿವ್ಯಕ್ತಿ ಕಲಾ ಚಿಕಿತ್ಸೆಯೆಂಬ ಈ ಪದ್ಧತಿಯಲ್ಲಿ ಒಂದು ಕಲೆಯಿಂದ ಇನ್ನೊಂದಕ್ಕೆ ಹೊರಳುವುದು ಮುಖ್ಯ: ಕಾಗದದ ಮೇಲಿನ ಗೆರೆ ಕೈಯ ಚಲನೆಯಾಗುತ್ತದೆ, ಚಲನೆ ದನಿಯಾಗುತ್ತದೆ, ದನಿ ನಾಲ್ಕು ಸಾಲಿನ ಬರಹವಾಗುತ್ತದೆ. ಚಿತ್ರ ಚೆಂದವಾಗಿದೆಯೇ ಎಂದು ಇಲ್ಲಿ ಯಾರೂ ನೋಡುವುದಿಲ್ಲ. ಕಪ್ಪು ಬಣ್ಣ ಕಂಡೊಡನೆ ‘ಇದು ದುಃಖ’ ಎಂದು ಚಿಕಿತ್ಸಕರು ಅರ್ಥ ಹಚ್ಚುವಂತೆಯೂ ಇಲ್ಲ. ಅರ್ಥ ಹೇಳುವ ಹಕ್ಕು ಬರೆದವರದು.

ಓದಿನ ವಿಷಯಕ್ಕೆ ಬಂದರೆ, ಮನಶ್ಶಾಸ್ತ್ರ ಅಥವಾ ಆಪ್ತಸಮಾಲೋಚನೆಯಲ್ಲಿ ತರಗತಿಗೆ ಹೋಗಿ ಪಡೆದ ಸ್ನಾತಕೋತ್ತರ ಪದವಿ, ಅನಂತರ ಕಲಾ ಚಿಕಿತ್ಸೆಯ ತರಬೇತಿ, ಜೊತೆಗೆ ಹಿರಿಯರ ಮೇಲ್ವಿಚಾರಣೆಯಲ್ಲಿ ದೀರ್ಘ ಅಭ್ಯಾಸ ಬೇಕು. ನಮ್ಮ ದೇಶದಲ್ಲಿ ಈ ಚಿಕಿತ್ಸೆಗೆಂದೇ ಪ್ರತ್ಯೇಕ ಸರ್ಕಾರಿ ಪರವಾನಗಿ ಇಲ್ಲದಿರುವುದರಿಂದ, ವಾರಾಂತ್ಯದ ಶಿಬಿರದ ಪ್ರಮಾಣಪತ್ರ ಹಿಡಿದು ಚಿಕಿತ್ಸೆಗೆ ಇಳಿಯುವವರಿದ್ದಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ನಿಮ್ಮ ದುಃಖಕ್ಕೂ ಒಬ್ಬ ಸಮಾಲೋಚಕರಿರಲಿ.

ಮರುಪ್ರಶ್ನೆ (ಅದೇ ಶಿಕ್ಷಕಿ): ಅಲ್ಲಿಯವರೆಗೆ ಶಾಲೆಯ ಮಕ್ಕಳೊಂದಿಗೆ ಚಿತ್ತಾರ ಬರೆಯಬಹುದೇ?

ಉತ್ತರ: ಖಂಡಿತ ಬರೆಯಿರಿ, ಆದರೆ ಅದನ್ನು ಚಿತ್ರಕಲೆಯ ತರಗತಿಯೆಂದೇ ಕರೆಯಿರಿ. ‘ನಿನ್ನ ನೋವನ್ನು ಬಿಡಿಸು’ ಎಂದು ಹೇಳಬೇಡಿ. ಬರೆಯಲೊಲ್ಲದ ಮಗುವನ್ನು ಒತ್ತಾಯಿಸಬೇಡಿ, ಬರೆದುದನ್ನು ಮಗುವಿನ ಒಪ್ಪಿಗೆಯಿಲ್ಲದೆ ಗೋಡೆಗೆ ತೂಗುಹಾಕಬೇಡಿ. ಯಾವುದೇ ಮಗು ಹಿಂಸೆಯ ಸುಳಿವು ಕೊಟ್ಟರೆ, ನೀವೇ ವಿಚಾರಣೆಗೆ ತೊಡಗದೆ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಮನಸ್ಸಿನ ಕಳವಳಕ್ಕೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.